ಏಳು ವರ್ಷದ ಮಗ ಆಟವನ್ನೇ ಬಿಟ್ಟಿದ್ದಾನೆ: ಇದು ಖಿನ್ನತೆ ಇರಬಹುದೇ?

ಏಳು ವರ್ಷದ ಮಗುವಿನ ತಾಯಿ

ಬಹಳ ದಿನ ಹಿಂದುಮುಂದು ನೋಡಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗನಿಗೆ ಈಗ ಏಳು ವರ್ಷ. ಕಳೆದ ಎರಡು ತಿಂಗಳಿನಿಂದ ಅವನು ನಾನು ಬಲ್ಲ ಮಗುವಿನಂತಿಲ್ಲ. ಮೊದಲೆಲ್ಲ ಶಾಲೆಯಿಂದ ಬಂದವನೇ ಚೀಲವನ್ನು ಮೂಲೆಗೆ ಹಾಕಿ, ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಹಿಡಿದು ನೆಲದ ಮೇಲೆ ಕೂರುತ್ತಿದ್ದ. ರೈಲಿನ ಚಿತ್ರ ಬಿಡಿಸುವುದೆಂದರೆ ಅವನಿಗೆ ಪ್ರಾಣ. ಬೋಗಿಗಳಿಗೆ ಜಾಗ ಸಾಲದೆ ಹಾಳೆಗೆ ಹಾಳೆ ಅಂಟಿಸಿಕೊಂಡು ಬಾಗಿಲ ತನಕ ರೈಲು ಓಡಿಸುತ್ತಿದ್ದ. ಈಗ ಆ ಡಬ್ಬಿಯ ಮುಚ್ಚಳವನ್ನೂ ತೆರೆಯುವುದಿಲ್ಲ.

ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹಾಸಿಗೆಯ ಅಂಚಿನಲ್ಲಿ ಒಂದು ಕಾಲುಚೀಲವನ್ನು ಕೈಯಲ್ಲಿ ಹಿಡಿದು ಕೂತುಬಿಡುತ್ತಾನೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೂ ಅದು ಕೈಯಲ್ಲೇ ಇರುತ್ತದೆ. ಸೋಮಾರಿತನವೆಂದು ಗದರಿದ್ದೇನೆ, ಒಮ್ಮೆ ಕೈಯನ್ನೂ ಎತ್ತಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಾರದಲ್ಲಿ ಮೂರು ದಿನವಾದರೂ ಹೊಟ್ಟೆನೋವು ಎನ್ನುತ್ತಾನೆ. ಪೆನ್ಸಿಲ್ ಮೊನೆ ಮುರಿದರೆ ಪುಸ್ತಕವನ್ನೇ ಹರಿಯುವಷ್ಟು ಸಿಟ್ಟು ಬರುತ್ತದೆ. ಆದರೆ ಅಳುವುದು ತೀರಾ ಅಪರೂಪ. ಅದಕ್ಕೇ ಮನೆಯಲ್ಲಿ ಎಲ್ಲರೂ ಇದು ಬರೀ ಹಟ, ಮುದ್ದು ಹೆಚ್ಚಾಗಿದೆ ಎನ್ನುತ್ತಿದ್ದಾರೆ.

ಮೊನ್ನೆ ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದ: “ಅಮ್ಮಾ, ನಾನು ಇಲ್ಲದೇ ಇದ್ದಿದ್ದರೆ ನಿನಗೆ ಇಷ್ಟು ಸುಸ್ತಾಗ್ತಿರಲಿಲ್ಲ ಅಲ್ವಾ?” ನನಗೆ ಉತ್ತರವೇ ಹೊಳೆಯಲಿಲ್ಲ. “ಹಾಗೆಲ್ಲ ಮಾತಾಡಬಾರದು, ಮಲಗು” ಎಂದುಬಿಟ್ಟೆ. ಇಷ್ಟು ಚಿಕ್ಕ ಮಗುವಿಗೆ, ಅದರಲ್ಲೂ ಅಳದೇ ಇರುವ ಮಗುವಿಗೆ, ಖಿನ್ನತೆ ಬರುವುದುಂಟೇ? ನಾನೀಗ ಏನು ಮಾಡಬೇಕು?

ಮಕ್ಕಳ ಮನೋಚಿಕಿತ್ಸಕಿ

ಮೊದಲು ಆ ಕೊನೆಯ ಮಾತಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಉಳಿದದ್ದಕ್ಕೆ ಸಮಯವಿದೆ, ಅದಕ್ಕಿಲ್ಲ. “ನಾನು ಇಲ್ಲದೇ ಇದ್ದಿದ್ದರೆ” ಎಂದು ಏಳು ವರ್ಷದ ಮಗು ಹೇಳಿದಾಗ ಅದರ ಹಿಂದೆ ಸಾಯಬೇಕೆಂಬ ಆಲೋಚನೆ ಇದ್ದೇ ಇದೆ ಎಂದಲ್ಲ. ತಾನು ಎಲ್ಲರಿಗೂ ಹೊರೆ ಎಂಬ ಭಾವನೆಯನ್ನು ಅದು ತನಗೆ ಗೊತ್ತಿರುವ ಪದಗಳಲ್ಲಿ ಹೇಳಿಕೊಂಡಿರಬಹುದು. ಆದರೂ ಅದನ್ನು ಕೇಳಿ ತಿಳಿಯಬೇಕೇ ಹೊರತು ಊಹಿಸಿ ಸುಮ್ಮನಾಗಬಾರದು. ಇಬ್ಬರೇ ಇರುವ ಹೊತ್ತಿನಲ್ಲಿ ನೀವೇ ಆ ಮಾತನ್ನು ಎತ್ತಿ: “ಅವತ್ತು ರಾತ್ರಿ ನೀನು ಕೇಳಿದ್ದು ನನಗೆ ನೆನಪಿದೆ. ಅವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಹೇಳ್ತೀಯಾ? ಸತ್ತುಹೋದರೆ ಚೆನ್ನಾಗಿರುತ್ತಿತ್ತು ಅಂತ ಯಾವಾಗಲಾದರೂ ಅನ್ನಿಸಿದೆಯಾ? ನಿನಗೆ ನೀನೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯಾ?” ಹೀಗೆ ಕೇಳುವುದರಿಂದ ಇಲ್ಲದ ಆಲೋಚನೆ ಮಗುವಿನ ತಲೆಗೆ ಹೊಗುವುದಿಲ್ಲ, ಒಂಟಿಯಾಗಿ ಹೊತ್ತಿದ್ದ ಭಾರವನ್ನು ಇಳಿಸಲು ಜಾಗ ಸಿಗುತ್ತದೆ. ಉತ್ತರ ಹೌದೆಂದಾದರೆ ಗಾಬರಿಯನ್ನು ಮುಖದ ಮೇಲೆ ತೋರಿಸಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರನ್ನು ಕಾಣಿರಿ. ಉತ್ತರ ಏನೇ ಇರಲಿ, ಮನೆಯಲ್ಲಿರುವ ಔಷಧಿಗಳನ್ನು ಮತ್ತು ಅಪಾಯಕಾರಿ ವಸ್ತುಗಳನ್ನು ಇವತ್ತೇ ಬೀಗದೊಳಗೆ ಇಡಿ.

ಇನ್ನು ನಿಮ್ಮ ಪ್ರಶ್ನೆ. ಚಿಕ್ಕ ಮಕ್ಕಳಿಗೂ ಖಿನ್ನತೆ ಬರುತ್ತದೆ; ಹದಿಹರೆಯಕ್ಕೆ ಮುಂಚಿನ ವಯಸ್ಸಿನಲ್ಲಿ ನೂರಕ್ಕೆ ಒಂದೆರಡು ಮಕ್ಕಳಲ್ಲಿ ಅದು ಕಾಣಿಸುತ್ತದೆ, ಹುಡುಗ ಹುಡುಗಿ ಎಂಬ ಭೇದ ಆ ವಯಸ್ಸಿನಲ್ಲಿ ಹೆಚ್ಚೇನೂ ಇಲ್ಲ. ರೋಗನಿರ್ಣಯಕ್ಕೆ ಬಳಸುವ ಮಾನದಂಡಗಳ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಕನಿಷ್ಠ ಎರಡು ವಾರಗಳ ಕಾಲ, ಹೆಚ್ಚುಕಡಿಮೆ ದಿನವೂ ಇರಬೇಕು. ವಯಸ್ಕರಲ್ಲಿ ದುಃಖದ ಮನಃಸ್ಥಿತಿ ಎಂದಿರುವ ಕಡೆ ಮಕ್ಕಳ ವಿಷಯದಲ್ಲಿ ಕಿರಿಕಿರಿ, ಸಿಡುಕುತನವನ್ನೂ ಒಪ್ಪಿಕೊಳ್ಳಲಾಗಿದೆ. ಆದ್ದರಿಂದ ಅಳದಿರುವುದು ಸಮಾಧಾನಪಡುವ ಕಾರಣವಲ್ಲ. ನನ್ನ ಅನುಭವದಲ್ಲಿ ಅಳುವಿಗಿಂತ ಹೆಚ್ಚು ಗಮನಿಸಬೇಕಾದದ್ದು ಸಂತೋಷದ ಬತ್ತುವಿಕೆ. ಹಟ ಮಾಡುವ ಮಗು ತನಗೆ ಬೇಕಾದದ್ದು ಸಿಕ್ಕ ಕೂಡಲೇ ಅರಳುತ್ತದೆ. ಖಿನ್ನತೆಯಲ್ಲಿರುವ ಮಗುವಿನ ಮುಂದೆ ಅದರ ಪ್ರಾಣಕ್ಕೆ ಪ್ರಾಣವಾದ ಆಟಿಕೆಯನ್ನು ತಂದಿಟ್ಟರೂ ಕೈ ಮುಂದೆ ಬರುವುದಿಲ್ಲ. ನೀವು ಬರೆದ ಮುಚ್ಚಳ ತೆರೆಯದ ಡಬ್ಬಿ ನನಗೆ ಬಹಳ ಹೇಳಿತು. ಹಾಗೆಂದು ನಾಲ್ಕು ಸಾಲು ಓದಿ ನಾನು ರೋಗದ ಹೆಸರಿಡುವಂತಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ನೋಡುವವರೇ ಅದನ್ನು ಹೇಳಬೇಕು.

ಮೂರು ಮೊಮ್ಮಕ್ಕಳ ಅಜ್ಜ

ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ನೋಯಿಸುವ ಉದ್ದೇಶವಿಲ್ಲ. ಆದರೆ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳುತ್ತೇನೆ. ಮಕ್ಕಳೆಂದ ಮೇಲೆ ಒಂದಷ್ಟು ದಿನ ಮಂಕಾಗುತ್ತವೆ, ಮತ್ತೆ ತಾವೇ ಚಿಗುರುತ್ತವೆ. ಏಳು ವರ್ಷಕ್ಕೇ ಇಂಥದ್ದೊಂದು ಹೆಸರನ್ನು ಹಣೆಗೆ ಅಂಟಿಸಿದರೆ ಆ ಮಗು ದೊಡ್ಡದಾದ ಮೇಲೂ ಅದನ್ನೇ ಹೊತ್ತು ತಿರುಗಬೇಕಾಗುವುದಿಲ್ಲವೇ? ಸ್ವಲ್ಪ ಕಾಯ್ದು ನೋಡುವುದರಲ್ಲಿ ತಪ್ಪೇನಿದೆ?

ಪ್ರಾಥಮಿಕ ಶಾಲಾ ಶಿಕ್ಷಕಿ

ಹಿರಿಯರ ಆತಂಕ ಸುಳ್ಳಲ್ಲ, ಆದರೆ ಈ ಮಗು ಈಗಾಗಲೇ ಎರಡು ತಿಂಗಳು ಕಾದಿದೆ ಎಂಬುದನ್ನು ನಾವು ಮರೆಯಬಾರದು. ಹೆಸರಿನ ವಿಷಯಕ್ಕೆ ಬಂದರೆ, ಹೆಸರಿಲ್ಲದ ಮಗುವಿಗೂ ಹೆಸರುಗಳು ಅಂಟುತ್ತವೆ. ಸೋಮಾರಿ, ಮೊಂಡ, ದಡ್ಡ ಎಂಬವೆಲ್ಲ ನಾವೇ ಅಂಟಿಸಿದವು. ಅವುಗಳಿಗಿಂತ ಖಿನ್ನತೆ ಎಂಬ ಹೆಸರು ಮೇಲು, ಏಕೆಂದರೆ ಅದಕ್ಕೆ ಚಿಕಿತ್ಸೆಯಿದೆ.

ತರಗತಿಯಲ್ಲಿ ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಕೂರುವ ಮಗುವನ್ನು ನಾವು ಒಳ್ಳೆಯ ಮಗು ಎಂದು ಹೊಗಳಿ ಮುಂದೆ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಬರೆದದ್ದನ್ನೆಲ್ಲ ಅಳಿಸುತ್ತಿದ್ದಳು, ಸರಿಯಾಗಿ ಬರೆದದ್ದನ್ನೂ. ಹಾಳೆ ತೂತಾಗುವವರೆಗೆ ಉಜ್ಜಿ, ಆ ತೂತನ್ನು ಬೆರಳಿನಿಂದ ಮುಚ್ಚಿಕೊಂಡು ಕೂರುತ್ತಿದ್ದಳು. ನಾನು ಅದನ್ನು ಅಚ್ಚುಕಟ್ಟುತನದ ಹಂಬಲವೆಂದು ತಿಳಿದು ಒಂದು ಇಡೀ ತಿಂಗಳನ್ನು ಕಳೆದೆ. “ನಾನು ಮಾಡಿದ್ದೆಲ್ಲ ಕೆಟ್ಟದಾಗಿರುತ್ತೆ ಮಿಸ್” ಎಂದು ಅವಳು ಹೇಳಿದ ದಿನ ನನ್ನ ಕಣ್ಣು ತೆರೆಯಿತು.

ಆದ್ದರಿಂದ ನೀವು ಶಿಕ್ಷಕರ ಬಳಿ ಹೋದಾಗ ಅಂಕಗಳನ್ನು ವಿಚಾರಿಸಬೇಡಿ; ವಿರಾಮದ ವೇಳೆಯಲ್ಲಿ ಅವನು ಎಲ್ಲಿರುತ್ತಾನೆ, ಯಾರ ಜೊತೆಗಿರುತ್ತಾನೆ ಎಂದು ಕೇಳಿ. ಯಾರಾದರೂ ಪೀಡಿಸುತ್ತಿದ್ದಾರೆಯೇ, ಪಾಠ ಓದಲು ಕಷ್ಟಪಡುತ್ತಿದ್ದಾನೆಯೇ ಎಂಬುದನ್ನು ಬಿಡಿಸಿ ಕೇಳಿ. ಅಕ್ಷರಗಳು ಕೂಡಿಬರದ ಮಗು ದಿನವೂ ಎಲ್ಲರೆದುರು ಸೋಲುತ್ತ ಸೋಲುತ್ತ ಕುಗ್ಗಿಹೋಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಕ್ಕಳ ವೈದ್ಯ

ಮನಸ್ಸಿನ ತಜ್ಞರ ಬಳಿಗೆ ಹೋಗುವ ಮುಂಚೆ ಅಥವಾ ಅದರ ಜೊತೆಜೊತೆಗೇ ಒಮ್ಮೆ ದೇಹದ ತಪಾಸಣೆಯನ್ನೂ ಮಾಡಿಸಿ. ರಕ್ತಹೀನತೆ ಇರುವ ಮಗು, ಥೈರಾಯ್ಡ್ ಕಡಿಮೆಯಿರುವ ಮಗು, ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿಕೊಂಡು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತ ಸರಿಯಾಗಿ ನಿದ್ದೆಯೇ ಆಗದ ಮಗು, ಇವೆಲ್ಲ ಹೀಗೆಯೇ ಸೋತು ಕೂರುತ್ತವೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕು. ನಿಮ್ಮ ಮಗ ನಿಜವಾಗಿ ಎಷ್ಟು ಹೊತ್ತು ಮಲಗುತ್ತಾನೆ ಎಂಬುದನ್ನು ಒಂದು ವಾರ ಬರೆದಿಡಿ. ಕಿವಿ ಕೇಳಿಸುವುದನ್ನೂ ಕಣ್ಣನ್ನೂ ಪರೀಕ್ಷಿಸಿ.

ಅವನು ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಪ್ಪದೆ ತಿಳಿಸಿ. ಉಬ್ಬಸ ಮತ್ತು ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಎಂಬ ಔಷಧಿಯಿಂದ ಕೆಲವರಲ್ಲಿ ಮನಃಸ್ಥಿತಿ ಏರುಪೇರಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಸೇರಿಸಿತು. ಮೂರ್ಛೆರೋಗದ ಕೆಲವು ಔಷಧಿಗಳಿಂದಲೂ ಸಿಡುಕು ಬರುವುದುಂಟು. ಇದನ್ನು ಓದಿ ನೀವಾಗಿಯೇ ಔಷಧಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನು ಕೇಳಿ.

ಹೊಟ್ಟೆನೋವಿನ ಬಗ್ಗೆಯೂ ಒಂದು ಮಾತು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ “ಸುಳ್ಳು ಹೇಳ್ತಿದ್ದಾನೆ” ಎಂದು ಹಲವರು ಅಂದುಬಿಡುತ್ತಾರೆ. ಆ ನೋವು ಸುಳ್ಳಲ್ಲ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ಕಳವಳಗೊಂಡ ಮಗುವಿನ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಹನ್ನೊಂದು ವರ್ಷದ ಮಗಳ ತಂದೆ

ನನ್ನ ಮಗಳಿಗೆ ಎಂಟು ತುಂಬಿದ್ದಾಗ ನಾವೂ ಇದೇ ದಾರಿಯಲ್ಲಿದ್ದೆವು. ನಾನು ಮಾಡಿದ ಅತಿದೊಡ್ಡ ತಪ್ಪೆಂದರೆ ಅವಳನ್ನು ಖುಷಿಪಡಿಸಲು ಓಡಾಡಿದ್ದು. ಹೊಸ ಆಟಿಕೆ ತಂದೆ, ತಿರುಗಾಟಕ್ಕೆ ಕರೆದುಕೊಂಡು ಹೋದೆ, ಕೋಡಂಗಿಯ ಹಾಗೆ ಕುಣಿದೆ. ಅವಳು ನನಗಾಗಿ ನಗಲು ಪ್ರಯತ್ನಪಡುತ್ತಿದ್ದಳು. ಆಮೇಲೆ ಗೊತ್ತಾಯಿತು: ಅಪ್ಪನನ್ನು ಸಮಾಧಾನಪಡಿಸುವುದು ಅವಳಿಗೆ ಇನ್ನೊಂದು ಕೆಲಸವಾಗಿಬಿಟ್ಟಿತ್ತು. “ನಿನಗೇನು ಕಡಿಮೆಯಾಗಿದೆ?” ಎಂದು ಒಮ್ಮೆ ಕೇಳಿದ್ದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ “ಏನೂ ಇಲ್ಲ, ಅದಕ್ಕೇ ನಾನು ಕೆಟ್ಟವಳು” ಎಂದಳು. ಆ ಪ್ರಶ್ನೆಯನ್ನು ಯಾವ ಮಗುವಿಗೂ ಕೇಳಬೇಡಿ.

ನಮಗೆ ಚಿಕಿತ್ಸಕರು ಹೇಳಿಕೊಟ್ಟದ್ದು ಮೇಲ್ನೋಟಕ್ಕೆ ಬಹಳ ಸಣ್ಣದು. ದಿನಕ್ಕೆ ಹದಿನೈದು ನಿಮಿಷ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರಬೇಕು. ಏನು ಮಾಡಬೇಕೆಂದು ಅವಳೇ ಹೇಳಬೇಕು. ನಾನು ಕಲಿಸಬಾರದು, ತಿದ್ದಬಾರದು, ಪ್ರಶ್ನೆಗಳ ಮಳೆ ಸುರಿಸಬಾರದು. ಮೊದಲ ಒಂಬತ್ತು ಹತ್ತು ದಿನ ಅವಳು ಏನನ್ನೂ ಮಾಡಲಿಲ್ಲ. ಅಂಗಾತ ಮಲಗಿ ಫ್ಯಾನ್ ನೋಡುತ್ತಿದ್ದಳು, ನಾನೂ ಪಕ್ಕದಲ್ಲಿ ಮಲಗಿ ಫ್ಯಾನ್ ನೋಡುತ್ತಿದ್ದೆ. ಆ ಮೇಲೊಂದು ದಿನ “ಅದು ನಿಧಾನ ಆದಾಗ ರೆಕ್ಕೆ ಎಣಿಸಬಹುದು ಅಪ್ಪಾ” ಎಂದಳು. ಇಬ್ಬರೂ ಎಣಿಸಿದೆವು.

ಅವಳ ಮಾತಿಗೆ ಮರುಮಾತು ಕೊಡುವ ರೀತಿಯನ್ನೂ ಕಲಿಯಬೇಕಾಯಿತು. “ಯಾರಿಗೂ ನಾನು ಬೇಡ” ಎಂದರೆ “ಛೇ, ಹಾಗೇನಿಲ್ಲ” ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ತಡೆದು “ಹಾಗನ್ನಿಸಿದಾಗ ತುಂಬಾ ಒಂಟಿ ಅನ್ನಿಸಿರಬೇಕು” ಎಂದು ಹೇಳುವುದಕ್ಕೆ ನನಗೆ ವಾರಗಳು ಬೇಕಾದವು. ಮಲಗುವ, ಏಳುವ, ಉಣ್ಣುವ ಹೊತ್ತುಗಳನ್ನು ಬದಲಿಸದೆ ಕಾಪಾಡಿದೆವು. ಆಡಲು ಮನಸ್ಸು ಬರಲಿ, ಆಮೇಲೆ ಹೊರಗೆ ಹೋಗೋಣ ಎಂದು ಕಾಯುತ್ತಿದ್ದರೆ ಆ ಮನಸ್ಸು ಬರುವುದೇ ಇಲ್ಲವೆಂದೂ, ಮೊದಲು ಕಾಲು ಹೊರಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆಂದೂ ಚಿಕಿತ್ಸಕರು ಹೇಳುತ್ತಿದ್ದರು. ಹಾಗಾಗಿ ಪ್ರತಿ ಸಂಜೆ ಮನೆಯ ಸುತ್ತ ಒಂದೇ ಒಂದು ಸುತ್ತು ನಡೆದೆವು. ಐದು ತಿಂಗಳ ಹೊತ್ತಿಗೆ ಅವಳು ನಮ್ಮ ಜೊತೆ ಜಗಳವಾಡತೊಡಗಿದಳು, ಮೊದಲಿನ ಹಾಗೆ, ಜೋರಾಗಿ. ಅವತ್ತು ನಾವಿಬ್ಬರೂ ಅಡುಗೆಮನೆಗೆ ಹೋಗಿ ಅತ್ತೆವು.

ಏಳು ವರ್ಷದ ಮಗುವಿನ ತಾಯಿ

ಎಲ್ಲರಿಗೂ ನಮಸ್ಕಾರ. ಹೇಳಿದಂತೆಯೇ ಕೇಳಿದೆ. ಸಾಯಬೇಕೆಂದು ಅನ್ನಿಸಿಲ್ಲವಂತೆ. “ನಾನು ಕಾಣದೇ ಇರೋ ಥರ ಆಗ್ಬೇಕು” ಎಂದ. ಅದನ್ನು ಹೇಳಿದ ಮೇಲೆ ನನ್ನ ತೋಳಿನ ಮೇಲೆಯೇ ನಿದ್ದೆಹೋದ. ಶುಕ್ರವಾರ ವೈದ್ಯರನ್ನು ನೋಡುತ್ತಿದ್ದೇವೆ.

ಎರಡು ವಿಷಯ ಕೇಳಬೇಕಿದೆ. ಮಾತ್ರೆ ಕೊಟ್ಟುಬಿಡುತ್ತಾರೆಂದು ನನ್ನ ಗಂಡನಿಗೆ ಭಯ. ಇನ್ನೊಂದು, ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ: ಕಳೆದ ವರ್ಷ ನನ್ನ ತಾಯಿ ತೀರಿಕೊಂಡ ಮೇಲೆ ನಾನೂ ಸರಿಯಿಲ್ಲ. ಕೆಲಸ ಮಾಡುತ್ತೇನೆ, ಮನೆ ನಡೆಸುತ್ತೇನೆ, ಆದರೆ ಒಳಗೆ ಏನೂ ಇಲ್ಲ. ನನ್ನಿಂದಲೇ ಅವನು ಹೀಗಾದನೇ?

ಮಕ್ಕಳ ಮನೋಚಿಕಿತ್ಸಕಿ

ಕೇಳಿದ್ದಕ್ಕೆ, ಅವನ ಉತ್ತರವನ್ನು ಕೇಳಿಸಿಕೊಂಡದ್ದಕ್ಕೆ, ನಿಮಗೆ ಕೈಮುಗಿಯುತ್ತೇನೆ. ಕಾಣದಂತಾಗಬೇಕು ಎಂಬ ಮಾತನ್ನು ಅವನು ಹೇಳಿದ ಪದಗಳಲ್ಲೇ ಬರೆದುಕೊಂಡು ಶುಕ್ರವಾರ ವೈದ್ಯರಿಗೆ ತಿಳಿಸಿ. ಇಂಥ ಪ್ರಶ್ನೆಯನ್ನು ಒಮ್ಮೆ ಕೇಳಿ ಮುಗಿಸುವಂತಿಲ್ಲ, ನಡುನಡುವೆ ಮತ್ತೆ ಕೇಳುತ್ತಿರಿ.

ಮಾತ್ರೆಯ ಭಯದ ಬಗ್ಗೆ: ಈ ವಯಸ್ಸಿನಲ್ಲಿ ಮೊದಲು ಮಾಡುವುದು ಮಾತಿನ, ಆಟದ, ಕುಟುಂಬವನ್ನು ಜೊತೆಗೆ ಕೂರಿಸಿಕೊಂಡ ಚಿಕಿತ್ಸೆಯನ್ನೇ. ಮಕ್ಕಳ ಖಿನ್ನತೆಗೆಂದು ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಫ್ಲುಯಾಕ್ಸೆಟಿನ್ ಎಂಬ ಮಾತ್ರೆ ಕೂಡ ಎಂಟು ವರ್ಷ ಮೇಲ್ಪಟ್ಟವರಿಗೆ. ಈ ವರ್ಗದ ಔಷಧಿಗಳಿಂದ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂಬ ಎಚ್ಚರಿಕೆ 2004ರಲ್ಲಿ ಸೇರಿತು, ಆದ್ದರಿಂದ ಕೊಟ್ಟರೂ ಮೊದಲ ವಾರಗಳಲ್ಲಿ ಹತ್ತಿರದಿಂದ ಕಾಯುತ್ತಾರೆ. ತೀವ್ರವಾದ ಖಿನ್ನತೆಯಲ್ಲಿ ಅದೇ ಔಷಧಿ ಮಗುವನ್ನು ಎತ್ತಿ ನಿಲ್ಲಿಸಿದ್ದನ್ನೂ ನಾನು ಕಂಡಿದ್ದೇನೆ. ಹೆದರಿ ಬಾಗಿಲು ಮುಚ್ಚಬೇಡಿ. ಅಮೆರಿಕದ ಮನೋವೈದ್ಯೆ ಜೋನ್ ಲೂಬಿ ಮತ್ತು ಅವರ ಸಹೋದ್ಯೋಗಿಗಳು ಮೂರರಿಂದ ಆರು ವರ್ಷದ 229 ಮಕ್ಕಳೊಂದಿಗೆ ಒಂದು ಅಧ್ಯಯನ ನಡೆಸಿ 2018ರಲ್ಲಿ ಪ್ರಕಟಿಸಿದರು. ಅದರಲ್ಲಿ ಮಾತ್ರೆ ಇರಲಿಲ್ಲ. ಮಗು ಮತ್ತು ಪೋಷಕರು ಆಡುತ್ತಿರುವಾಗ ಚಿಕಿತ್ಸಕರು ಪೋಷಕರ ಕಿವಿಯಲ್ಲಿರುವ ಪುಟ್ಟ ಸಾಧನದ ಮೂಲಕ ಸಲಹೆ ಕೊಡುತ್ತಾರೆ. ಮಗುವಿನ ಭಾವನೆಯನ್ನು ಗುರುತಿಸುವುದು, ಅದಕ್ಕೆ ಹೆಸರು ಕೊಡುವುದು, ಅದರ ಜೊತೆ ನಿಲ್ಲುವುದು ಹೇಗೆಂದು ಕಲಿಸುತ್ತಾರೆ. 18 ವಾರಗಳ ನಂತರ, ಚಿಕಿತ್ಸೆಯ ಸರದಿಗಾಗಿ ಇನ್ನೂ ಕಾಯುತ್ತಿದ್ದ ಮಕ್ಕಳಿಗಿಂತ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಖಿನ್ನತೆ ಬಹಳ ಕಡಿಮೆಯಾಗಿತ್ತು. ಮೇಲಿನ ತಂದೆ ಫ್ಯಾನಿನ ರೆಕ್ಕೆ ಎಣಿಸಿದ್ದೂ ಇದಕ್ಕೆ ಬಹಳ ಹತ್ತಿರದ ಕೆಲಸ.

ನಿಮ್ಮಿಂದಲೇ ಹೀಗಾಯಿತೇ ಎಂದರೆ, ಇಲ್ಲ. ಖಿನ್ನತೆಗೆ ಒಂದೇ ಬೇರು ಇರುವುದಿಲ್ಲ. ವಂಶವಾಹಿ, ಸ್ವಭಾವ, ಅಗಲಿಕೆ, ಶಾಲೆ ಎಲ್ಲವೂ ಕೂಡಿಕೊಂಡಿರುತ್ತವೆ. ಅಜ್ಜಿಯನ್ನು ಅವನೂ ಕಳೆದುಕೊಂಡಿದ್ದಾನೆ, ಅಮ್ಮನ ನಗುವನ್ನೂ ಕಳೆದುಕೊಂಡಿದ್ದಾನೆ. ಚಿಕ್ಕ ಮಕ್ಕಳು ಇಂಥದ್ದಕ್ಕೆಲ್ಲ ತಾವೇ ಕಾರಣವೆಂದು ಲೆಕ್ಕ ಹಾಕಿಕೊಳ್ಳುತ್ತವೆ. “ಅಮ್ಮನಿಗೆ ಸುಸ್ತಾಗಿರುವುದು ಅಜ್ಜಿಯ ನೆನಪಿನಿಂದ, ನಿನ್ನಿಂದ ಅಲ್ಲ” ಎಂದು ಬಾಯಿಬಿಟ್ಟು ಹೇಳಿ, ಒಮ್ಮೆಯಲ್ಲ, ಹಲವು ಸಲ. ಹಾಗೆಯೇ ನಿಮಗೂ ಚಿಕಿತ್ಸೆ ಪಡೆಯಿರಿ. ಅಮೆರಿಕದ ಸಂಶೋಧಕಿ ಮಿರ್ನಾ ವೈಸ್ಮನ್ ಮತ್ತು ಸಂಗಡಿಗರು ಖಿನ್ನತೆಯಿದ್ದ 151 ತಾಯಂದಿರನ್ನೂ ಅವರ ಮಕ್ಕಳನ್ನೂ ಗಮನಿಸಿ 2006ರಲ್ಲಿ ಬರೆದದ್ದು ನನಗೆ ಇಂದಿಗೂ ಮುಖ್ಯ: ಮೂರು ತಿಂಗಳಲ್ಲಿ ತಾಯಿ ಚೇತರಿಸಿಕೊಂಡ ಮನೆಗಳಲ್ಲಿ ಮಕ್ಕಳ ತೊಂದರೆಗಳೂ ಇಳಿದಿದ್ದವು, ಮಕ್ಕಳಿಗೆ ಬೇರೆ ಚಿಕಿತ್ಸೆ ಕೊಡದಿದ್ದರೂ. ನಿಮ್ಮ ಚಿಕಿತ್ಸೆಯೂ ಅವನ ಚಿಕಿತ್ಸೆಯ ಒಂದು ಪಾಲು.

ಅಜ್ಜನವರಿಗೂ ಒಂದು ಮಾತು. 1970ರ ದಶಕದವರೆಗೂ ಅನೇಕ ಮನೋವೈದ್ಯರೇ ಮಕ್ಕಳಿಗೆ ಖಿನ್ನತೆ ಬರಲು ಸಾಧ್ಯವಿಲ್ಲ, ಅದಕ್ಕೆ ಬೇಕಾದಷ್ಟು ಮನಸ್ಸು ಬೆಳೆದಿರುವುದಿಲ್ಲ ಎಂದು ನಂಬಿದ್ದರು. ತಾಯಿಯಿಂದ ಅಗಲಿದ ಹಸುಗೂಸುಗಳು ಹೇಗೆ ಬಾಡುತ್ತವೆಂದು ಮನೋವಿಶ್ಲೇಷಕ ರೆನೆ ಸ್ಪಿಟ್ಜ್ 1946ರಲ್ಲೇ ಬರೆದಿದ್ದರೂ ಆ ನಂಬಿಕೆ ಬಹಳ ಕಾಲ ಅಲುಗಲಿಲ್ಲ. ಓದಿದವರೇ ಹಾಗಿದ್ದಾಗ ನಿಮ್ಮ ಅನುಮಾನವನ್ನು ನಾನು ತಪ್ಪೆನ್ನಲಾರೆ.

ಅಂಥ ಮಗುವಾಗಿದ್ದವಳು

ನನಗೀಗ ಮೂವತ್ತೆಂಟು. ಒಂಬತ್ತನೇ ವಯಸ್ಸಿನ ಒಂದು ಇಡೀ ವರ್ಷ ನನಗೆ ಬಣ್ಣವಿಲ್ಲದೆ ನೆನಪಿದೆ. ದುಃಖವಾಗಿತ್ತು ಎಂದು ಹೇಳಲಾರೆ. ನನ್ನ ಮತ್ತು ಉಳಿದವರ ನಡುವೆ ಒಂದು ಗಾಜು ನಿಂತಂತಿತ್ತು. ಏನಾಗಿದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದೆ, ಅದು ನಿಜವಾಗಿತ್ತು, ಆದರೆ ಮುಚ್ಚಿಡುತ್ತಿದ್ದೇನೆಂದು ಎಲ್ಲರೂ ಭಾವಿಸಿದರು. ಯಾರೂ ಚಿಕಿತ್ಸೆಗೆ ಕರೆದೊಯ್ಯಲಿಲ್ಲ. ಅದು ಹೇಗೋ ಸರಿಯಿತು, ಹತ್ತೊಂಬತ್ತಕ್ಕೆ ಮರಳಿ ಬಂದಾಗ ದುಪ್ಪಟ್ಟಾಗಿತ್ತು.

ಆ ವರ್ಷ ನನಗೆ ಒಳ್ಳೆಯದೆಂದು ನೆನಪಿರುವುದು ನನ್ನ ಚಿಕ್ಕಮ್ಮ. ಅವರು ಏನನ್ನೂ ಕೇಳುತ್ತಿರಲಿಲ್ಲ. ಬಟ್ಟೆ ಮಡಚುವಾಗ ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದರು, ಅಷ್ಟೇ. ಇನ್ನೊಂದು ತುದಿಯಲ್ಲಿ ಒಬ್ಬರಿದ್ದಾರೆಂದು ಬಟ್ಟೆಯ ಬಿಗಿತದಿಂದ ತಿಳಿಯುತ್ತಿತ್ತು. ನಿಮ್ಮ ಮಗ ಮಾತಾಡದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿರಿ. ಆದರೆ ನನ್ನ ಮನೆಯವರಂತೆ ಅಲ್ಲಿಗೇ ನಿಲ್ಲಿಸಬೇಡಿ.

ಮೂರು ಮೊಮ್ಮಕ್ಕಳ ಅಜ್ಜ

ಎಲ್ಲವನ್ನೂ ಓದಿದೆ, ಎರಡು ಸಲ. ನನ್ನ ತಮ್ಮನೊಬ್ಬನಿದ್ದ. ಅವನನ್ನು ನಾವೆಲ್ಲ ಮಂಕ ಎಂದೇ ಕರೆದೆವು. ಕಾಯಿರಿ ಎಂದ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಶುಕ್ರವಾರ ಹೋಗಿ ಬನ್ನಿ ತಾಯಿ.

ಏಳು ವರ್ಷದ ಮಗುವಿನ ತಾಯಿ

ಹೋಗಿ ಬಂದೆವು. ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ ಸ್ವಲ್ಪ ಇದೆ, ಅದಕ್ಕೆ ಔಷಧಿ ಕೊಟ್ಟಿದ್ದಾರೆ. ಆದರೆ ಎಲ್ಲವೂ ಅದರಿಂದಲೇ ಅಲ್ಲ ಎಂದರು. ಮಕ್ಕಳ ಮನೋವೈದ್ಯರು ಅವನ ಜೊತೆ ಒಂದು ಗಂಟೆ ಕಳೆದು, ನಮ್ಮಿಬ್ಬರ ಜೊತೆ ಇನ್ನೊಂದು ಗಂಟೆ ಮಾತಾಡಿ, ಖಿನ್ನತೆಯೇ ಎಂದು ಹೇಳಿದರು. ಸದ್ಯಕ್ಕೆ ಅದಕ್ಕೆ ಮಾತ್ರೆಯಿಲ್ಲ. ವಾರಕ್ಕೊಮ್ಮೆ ನಾವಿಬ್ಬರೂ ಹೋಗಬೇಕು. ನನಗೂ ಬೇರೆ ದಿನ ಸಮಯ ನಿಗದಿಯಾಗಿದೆ. ಶಿಕ್ಷಕಿಯನ್ನು ಕೇಳಿದೆ: ವಿರಾಮದಲ್ಲಿ ಅವನು ನೀರಿನ ನಲ್ಲಿಯ ಹತ್ತಿರ ನಿಂತಿರುತ್ತಾನಂತೆ, ದಿನವೂ, ಗಂಟೆ ಬಾರಿಸುವವರೆಗೆ. ಇನ್ನು ಮೇಲೆ ಆ ಹೊತ್ತಿನಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಅವನನ್ನೂ ಇನ್ನೊಬ್ಬ ಹುಡುಗನನ್ನೂ ಸೇರಿಸಿಕೊಳ್ಳುತ್ತಾರಂತೆ.

ಅಜ್ಜಿಯ ವಿಷಯ ಹೇಳಿದೆ, ನಿನ್ನಿಂದ ಅಲ್ಲ ಎಂದೂ ಹೇಳಿದೆ. ಅವನು ಏನೂ ಹೇಳಲಿಲ್ಲ. ಮರುದಿನ ಊಟದ ನಡುವೆ ಇದ್ದಕ್ಕಿದ್ದಂತೆ “ನಿಜವಾಗ್ಲೂ ಅಲ್ವಾ?” ಎಂದ. ನಿಜವಾಗ್ಲೂ ಎಂದೆ.

ಪೆನ್ಸಿಲ್ ಡಬ್ಬಿ ಇನ್ನೂ ಮುಚ್ಚಿಯೇ ಇದೆ. ಇವತ್ತು ಬೆಳಗ್ಗೆ ಅವನು ಮತ್ತೆ ಕಾಲುಚೀಲ ಹಿಡಿದು ಕೂತಿದ್ದ. ಗದರದೆ ಪಕ್ಕದಲ್ಲಿ ಹೋಗಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಅದನ್ನು ನನ್ನ ಕೈಗೆ ಕೊಟ್ಟ. ಒಂದು ಕಾಲಿಗೆ ನಾನು ಹಾಕಿದೆ, ಇನ್ನೊಂದಕ್ಕೆ ಅವನೇ ಹಾಕಿಕೊಂಡ. ಶಾಲೆಗೆ ತಡವಾಯಿತು.